ಮೊಳೆ ಕಿತ್ತ ಹೊಸಿಲು

ಗೃಹಪ್ರವೇಶದ ದಿನ ರಮಾದೇವಿ ಹಾಲು ಉಕ್ಕಿಸುವ ಪಾತ್ರೆಯನ್ನು ಬಾಗಿಲವರೆಗೂ ತಂದು, ಒಮ್ಮೆ ಕೆಳಗೆ ಬಗ್ಗಿ ನೋಡಿದಳು. ಪಾತ್ರೆಯನ್ನು ಮಗಳು ಶಿವಗಂಗಾಳ ಕೈಗೆ ಕೊಟ್ಟು ಹಿಂದಕ್ಕೆ ಸರಿದವಳು ಅವತ್ತಿನಿಂದ ಹೊಸ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅಂಗಳದ ತಗಡಿನ ಚಪ್ಪರದಲ್ಲೇ ಅವಳ ಒಲೆ, ಅಲ್ಲೇ ಅವಳ ಚಾಪೆ. ಕಲ್ಯಾಣದುರ್ಗದ ಆ ಬೀದಿಯ ಹೆಂಗಸರು ನೀರಿಗೆ ಹೋಗುವಾಗ ಕತ್ತು ಹೊರಳಿಸಿ ನೋಡಿಕೊಂಡೇ ಹೋಗುತ್ತಿದ್ದರು.

"ಹೊಸಿಲಿಲ್ದಿರೋ ಮನೇಗೆ ಹೆಂಗೆ ಹೋಗ್ಲಿ?" ಅನ್ನುವಳು, ಯಾರು ಕೇಳಿದರೂ.

"ಗ್ರಾನೈಟ್ ಹಾಕ್ಸಿದೀನಲ್ಲೇ, ಕನ್ನಡಿ ಇದ್ದಂಗೈತೆ" ಎಂದು ಗಂಡ ಓಬಳಪ್ಪ ರಮಿಸಲು ನೋಡಿದ.

"ಆ ಕನ್ನಡೀಲಿ ನಿನ್ ಮಖ ನೀನೇ ನೋಡ್ಕೋ."

ಹಳೆಯ ಹೊಸಿಲು ಕೈಬಿಟ್ಟು ಹೋದದ್ದು ರಮಾದೇವಿಯಿಂದಲೇ. ಅವರ ಮನೆತನದಲ್ಲಿ ಮನೆ ಕೆಡವಿದಾಗ ತೊಲೆ, ಬಾಗಿಲು ಮಾರಿದರೂ ಹೊಸಿಲನ್ನು ಮಾರುವುದಿಲ್ಲ. ಅದನ್ನು ಕಿತ್ತು, ಹಳೆಯ ಅರಿಶಿನವೆಲ್ಲ ಹೋಗುವ ಹಾಗೆ ತೊಳೆದು, ಹೊಸ ಮನೆಗೆ ಕೂಡಿಸಿ ಮತ್ತೆ ಅರಿಶಿನ ಹಚ್ಚಬೇಕು. ರಮಾದೇವಿ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಗೋಡೆಗೆ ಒರಗಿಸಿಟ್ಟಳು. ಅರಿಶಿನವಿಲ್ಲದ ಹೊಸಿಲು ಕೂಲಿಯವರ ಕಣ್ಣಿಗೆ ಬರೀ ಕರಿ ಹಲಗೆ. ಮಾರಿದ ಮರದ ಜೊತೆ ಅದನ್ನೂ ವ್ಯಾಪಾರಿಯ ಲಾರಿಗೆ ಎಸೆದುಬಿಟ್ಟರು.

ಅದರ ಎಡತುದಿಯಲ್ಲಿ ಕಿರಿಮಗಳು ಹರ್ಷಿತಾ ಕೂರುತ್ತಿದ್ದಳು. ಹೊಸಿಲ ಮೇಲೆ ಕೂರಬಾರದು ಎಂದು ಅಜ್ಜಿ ನಾರಮ್ಮ ಬೈದಷ್ಟೂ ಅಲ್ಲೇ ಕೂತು, ಹಿಮ್ಮಡಿಯಿಂದ ಮರವನ್ನು ಟಕ್ ಟಕ್ ಎಂದು ಬಡಿಯುತ್ತಾ ಮಧ್ಯಾಹ್ನ ಕಳೆಯುವಳು. ಜ್ವರದಲ್ಲಿ ಹುಡುಗಿ ಹೋದಳು. ಟಕ್ ಟಕ್ ಹೋಗಲಿಲ್ಲ. ಉಂಡು ಮಲಗಿದ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿತ್ತು. ನಾರಮ್ಮ ಕಮ್ಮಾರನನ್ನು ಕರೆಸಿ, ಹೋದವರು ದಾಟಿ ಬರದಿರಲೆಂದು ಆ ಎಡತುದಿಗೆ ಒಂದು ಕಬ್ಬಿಣದ ಮೊಳೆ ಹೊಡೆಸಿದಳು. ಸದ್ದು ನಿಂತಿತು. ರಮಾದೇವಿ ಅತ್ತೆಗೆ ಎದುರಾಡಲಿಲ್ಲ. ನಾರಮ್ಮ ತೀರಿಕೊಂಡ ಮೇಲೂ ಮೊಳೆಗೆ ಕೈ ಹಾಕುವ ಧೈರ್ಯ ಅವಳಿಗೆ ಬರಲಿಲ್ಲ. ಅರಿಶಿನ ಹಚ್ಚುವಾಗ ಮಾತ್ರ ಮೊಳೆಯ ತಲೆಯ ಸುತ್ತ ಬೆರಳಾಡಿಸುತ್ತಾ ಬಹಳ ಹೊತ್ತು ಕೂರುವಳು. ಆ ಸದ್ದು ನಿಂತಾಗ ಶಿವಗಂಗಾಳಿಗೆ ಹೋದ ಜೀವ ಬಂದ ಹಾಗಾಗಿತ್ತು. ಅದನ್ನವಳು ಯಾರ ಮುಂದೆಯೂ ಆಡಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವಾಗ ಹರ್ಷಿತಾಳಿಗೂ ಒಂದು ಎಲೆ ಹಾಕಬೇಕು. ಅಮ್ಮ ಒಳಗೆ ಬರದಿದ್ದರೆ ಅದನ್ನು ಬಡಿಸುವವರು ಯಾರು? ಶಿವಗಂಗಾ ಹಳೆ ಮರದ ವ್ಯಾಪಾರಿ ಗಂಗರಾಜುವಿನ ಅಂಗಡಿ ಮುಂದೆ ಸುಮ್ಮನೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ನಿಂತು ಕೇಳಿದಳು.

"ಆ ಕರಿ ಬೀಟೆ ಮರಾನಾ? ಹಿಂದೂಪುರದ ಗಿಟಾರ್ ಫ್ಯಾಕ್ಟ್ರಿಯೋರು ಎತ್ಕೊಂಡೋದ್ರು ಕಣಮ್ಮ. ಹಳೇ ಗಟ್ಟಿ ಮರ ಅಂದ್ರೆ ಪ್ರಾಣ ಬಿಡ್ತಾರೆ" ಅಂದ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಅವಳು ಹಿಂದೂಪುರಕ್ಕೆ ಹೊರಟಳು. ಕಾಲೇಜಿನ ಗೆಳತಿಯ ಭಾವ ದಯಾನಂದ ಆ ಫ್ಯಾಕ್ಟರಿಯ ಸೂಪರ್‌ವೈಸರ್. ಹೊಸಿಲಿನ ಮಾತು ಎತ್ತಲು ನಾಲಿಗೆ ಏಳದೆ, "ಗಿಟಾರ್ ಹೆಂಗೆ ಮಾಡ್ತಾರೆ ಅಂತ ನೋಡ್ಬೇಕಿತ್ತು ಸಾರ್" ಎಂದುಬಿಟ್ಟಳು. ದಯಾನಂದನಿಗೆ ಅಷ್ಟು ಸಾಕಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿ ಎದ್ದ.

ಮೊದಲು ಮರದ ಕೋಣೆ. ಹಲಗೆಗಳ ಮಧ್ಯೆ ಗಾಳಿಯಾಡಲು ಕಡ್ಡಿ ಇಟ್ಟು ಸೂರಿನವರೆಗೂ ಪೇರಿಸಿದ್ದರು. ಬಾಗಿಲಿನ ಪಟ್ಟಿ, ತೊಲೆಯ ತುಂಡು, ಮಂಚದ ಕಾಲು; ಯಾವ ಯಾವ ಮನೆಯವೋ. ಅವಳು ಒಂದೊಂದರ ಎಡತುದಿಯನ್ನೂ ನೋಡಿದಳು. ಯಾವುದರಲ್ಲೂ ಮೊಳೆಯಿಲ್ಲ. ಮುಂದೆ ತೆಳ್ಳನೆಯ ಪಟ್ಟಿಯನ್ನು ನೀರಲ್ಲಿ ಅದ್ದಿ, ಕಾದ ಕೊಳವೆಗೆ ಒತ್ತಿ ಸೊಂಟದಂತೆ ಬಗ್ಗಿಸುತ್ತಿದ್ದರು. ಅದರಾಚೆ ಬಗ್ಗಿದ ಪಟ್ಟಿಗಳಿಗೆ ಬೆನ್ನು, ಹೊಟ್ಟೆಯ ಹಲಗೆ ಅಂಟಿಸಿ, ಒಣಗುವವರೆಗೆ ಸುತ್ತಲೂ ಇಕ್ಕಳ ಬಿಗಿದಿದ್ದರು. ಗರಗಸದ ಸದ್ದಿನಲ್ಲಿ ದಯಾನಂದ ಹೇಳಿದ್ದು ಅರ್ಧ ಕೇಳಿಸಿತು. ಮರದ ಪುಡಿ ರೆಪ್ಪೆಯ ಮೇಲೆ ಕೂತಿತು.

ಕೊನೆಯ ದೊಡ್ಡ ಕೋಣೆಯಲ್ಲಿ, ಮಾಡಿ ಮುಗಿಸಿದ ಗಿಟಾರುಗಳನ್ನು ಕತ್ತಿನಿಂದ ಸಾಲಾಗಿ ನೇತು ಹಾಕಿದ್ದರು. ಊಟದ ಗಂಟೆ ಹೊಡೆದು ಗರಗಸ ನಿಂತಿತು. ಯಾರೂ ಮುಟ್ಟದಿದ್ದರೂ ತಂತಿಗಳೆಲ್ಲ ಒಂದು ಕ್ಷಣ ಗುಂಯ್ ಎಂದು, ಮೆಲ್ಲಗೆ ಅಡಗಿದವು. ಆಮೇಲೆ ಆ ಮೌನದೊಳಗೆ, ಮೂಲೆಯಿಂದ,

ಟಕ್. ಟಕ್.

ಶಿವಗಂಗಾ ಆ ಕಡೆಗೆ ತಿರುಗಿದಳು.

"ಶುರುವಾಯ್ತು ನೋಡು ಇದರ ಆಟ" ಎಂದಳು ಮೂಲೆಯ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಹೆಂಗಸು. ಪರಿಗಿಯಿಂದ ದಿನಾ ಬಸ್ಸಿನಲ್ಲಿ ಬರುವ ಗೌರಕ್ಕ. ತಂತಿಯ ಕೆಳಗೆ ಬೆರಳೂರುವ ಕರಿ ಪಟ್ಟಿಯನ್ನು ಕೂರಿಸುವುದು ಅವಳ ಕೆಲಸ. "ಮದ್ಯಾನ ಆದ್ರೆ ಸಾಕು, ಟಕ್ ಟಕ್ ಅಂತದೆ. ಮರ ಒಣಗಿಲ್ಲ ಅಂತಾರೆ ಈ ಸಾರು. ತಾತನ ಕಾಲದ ಮರ, ಇನ್ನೇನು ಒಣಗ್ಬೇಕು, ನನ್ನಂಗೆ?"

"ಅದು ರಿಜೆಕ್ಟ್" ಎಂದ ದಯಾನಂದ, ಅತಿಥಿಯ ಮುಂದೆ ಮುಜುಗರಪಟ್ಟು. "ಸಾಯಂಕಾಲ ಗರಗಸಕ್ಕೆ ಕೊಡ್ತೀವಿ. ಕೆಟ್ಟ ಪೀಸು ಆಚೆ ಹೋಗೋ ಹಂಗಿಲ್ಲ."

ಶಿವಗಂಗಾ ಹತ್ತಿರ ಹೋದಳು. ಬೇರೆ ಗಿಟಾರುಗಳ ಕರಿ ಪಟ್ಟಿಯಲ್ಲಿ ಚಿಪ್ಪಿನ ಬಿಳಿ ಚುಕ್ಕೆಗಳು ನೇರ ಸಾಲಿನಲ್ಲಿದ್ದವು. ಇದರಲ್ಲಿ ಒಂದು ಚುಕ್ಕೆ ಮಾತ್ರ ಸಾಲು ಬಿಟ್ಟು, ಪಟ್ಟಿಯ ತುದಿಯ ಅಂಚಿನಲ್ಲಿ ಒಂಟಿಯಾಗಿ ಕೂತಿತ್ತು.

"ಇದ್ಯಾಕೆ ಇಲ್ಲಿ?"

"ಅಲ್ಲೊಂದು ಮೊಳೆ ಇತ್ತು ಕಣಮ್ಮ. ಅದನ್ನ ಕೀಳೋಕೆ ಪಟ್ಟ ಪಾಡು ದೇವ್ರಿಗೇ ಗೊತ್ತು. ತೂತು ಕಾಣ್ದಿರಲಿ ಅಂತ ಚುಕ್ಕೆ ಮುಚ್ಚಿದೆ. ಅದೇ ಹಲಗೇಲಿ ಇನ್ನೂ ಪಟ್ಟಿ ಕುಯ್ದಿದ್ವಿ, ಅವೆಲ್ಲ ಫಾರಿನ್ನಿಗೆ ಹಡಗು ಹತ್ತಿದ್ವು. ಇದೊಂದೇ ಎಲ್ಲೂ ಹೋಗ್ಲಿಲ್ಲ." ಗೌರಕ್ಕ ತಲೆಯೆತ್ತಿ ನೋಡಿದಳು. "ಏಮ್ಮಾ, ಯಾಕೆ ಅಳ್ತೀಯ?"

ಅಳುತ್ತಿದ್ದುದು ಶಿವಗಂಗಾಳಿಗೇ ತಿಳಿದಿರಲಿಲ್ಲ. ಗರಗಸ ಇನ್ನೇನು ಮತ್ತೆ ಶುರುವಾಗುತ್ತದೆ ಅನ್ನಿಸಿ ಬಾಯಿಬಿಟ್ಟಳು. "ಇದು ನಮ್ಮನೆ ಹೊಸಿಲು. ಇಲ್ಲಿ ನನ್ ತಂಗಿ ಕೂತ್ಕೊಳ್ಳೋಳು. ಇದಿಲ್ಲ ಅಂತ ನಮ್ಮಮ್ಮ ಮನೆಯೊಳಕ್ಕೆ ಬರ್ತಿಲ್ಲ." ಅಷ್ಟು ಮಾತನ್ನು ಹೊರಗಿನವರ ಮುಂದೆ ಅವಳು ಒಟ್ಟಿಗೆ ಆಡಿದ್ದೇ ಇಲ್ಲ.

ದಯಾನಂದ ಗಿಟಾರನ್ನು ಒಮ್ಮೆ ತಿರುವಿ ನೋಡಿದ. "ಇಡೀ ಗಿಟಾರ್ ಕೊಡಕ್ಕಾಗಲ್ಲಮ್ಮ, ರೂಲ್ಸು. ಪಟ್ಟಿ ಬೇಕಾದ್ರೆ..."

"ಅಯ್ಯೋ ಸುಮ್ಕಿರು ಸಾರು" ಎನ್ನುತ್ತಾ ಗೌರಕ್ಕ ಆಗಲೇ ಡಬ್ಬಿ ಮುಚ್ಚಿದ್ದಳು.

ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ತಂತಿ ಬಿಚ್ಚಿ, ಇಸ್ತ್ರಿ ಪೆಟ್ಟಿಗೆ ಕಾಯಿಸಿ ಕರಿ ಪಟ್ಟಿಯ ಮೇಲಿಟ್ಟಳು. ಅಂಟು ಮೆತ್ತಗಾಗುತ್ತಿದ್ದಂತೆ ತೆಳು ಚಾಕು ತೂರಿಸಿ ಮೆಲ್ಲಗೆ ಎಬ್ಬಿಸುತ್ತಾ ಬಂದಳು. ಮೊದಲು ಅಂಟಿನ ವಾಸನೆ ಎದ್ದಿತು. ಆಮೇಲೆ, ಅಷ್ಟೊಂದು ಸೀಗೆಪುಡಿಗೂ ಹೋಗದೆ ಮರದ ಆಳದಲ್ಲಿ ಉಳಿದಿದ್ದ ಅರಿಶಿನದ ವಾಸನೆ. ಗೌರಕ್ಕ ಕೈ ನಿಲ್ಲಿಸಿ, ತಾಳಿ ಮುಟ್ಟಿಕೊಂಡು, ಮತ್ತೆ ಚಾಕು ಹಿಡಿದಳು.

ಪಟ್ಟಿಯನ್ನು ಕೊಟ್ಟ ಮೇಲೆ ಮೇಜಿನ ಡ್ರಾಯರ್ ಎಳೆದು ಏನೋ ತೆಗೆದಳು. ತುಕ್ಕು ಹಿಡಿದ ಮೊಳೆ.

"ಎಸೀಬಾರ್ದು ಅನ್ನಿಸ್ತು, ಇಟ್ಕೊಂಡಿದ್ದೆ. ಇದನ್ನ ಯಾತಕ್ಕೆ ಹೊಡ್ದಿದ್ರೋ ನಿಮಗೇ ಗೊತ್ತು. ತಿರ್ಗಾ ಹೊಡಿಯೋದೋ ಬಿಡೋದೋ, ಮನೇಲಿ ನೋಡ್ಕಳ್ರಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಟ್ಟಿ ಅವಳ ತೊಡೆಯ ಮೇಲಿತ್ತು, ದುಪಟ್ಟಾದಲ್ಲಿ ಸುತ್ತಿಕೊಂಡು. ಬಸ್ಸು ಕುಲುಕಿದಾಗಲೆಲ್ಲ ಅದರೊಳಗಿಂದ ಸಣ್ಣಗೆ ಏನೋ ತಾಗಿದಂತಾಗುತ್ತಿತ್ತು. ಮೊಳೆ ಚೀಲದ ತಳದಲ್ಲಿತ್ತು. ಮನೆಗೆ ಹೋದೊಡನೆ ಅಪ್ಪನ ಸುತ್ತಿಗೆ ತೆಗೆದು ತಾನೇ ಹೊಡೆದುಬಿಡಬೇಕು ಎಂದು ಪೆನುಕೊಂಡ ದಾಟುವ ಹೊತ್ತಿಗೆ ಅವಳು ತೀರ್ಮಾನ ಮಾಡಿಯಾಗಿತ್ತು.

ದೀಪ ಹಚ್ಚುವ ಹೊತ್ತು. ಪಟ್ಟಿಯನ್ನು ಗ್ರಾನೈಟಿನ ಮೇಲೆ ಎಡಗಡೆಗೆ ಒತ್ತಿ ಇಟ್ಟರು.

"ಅರ್ಧ ಬಾಗ್ಲಿಗೂ ಸಾಲ್ದಲ್ಲೇ" ಅಂದ ಓಬಳಪ್ಪ.

"ಅವ್ಳು ಕೂರೋಕೆ ಸಾಕು" ಅಂದಳು ರಮಾದೇವಿ.

ಅರಿಶಿನ ಕಲೆಸಿ ಅಡ್ಡಡ್ಡ ಲೋಹದ ಸಣ್ಣ ಕಡ್ಡಿ ಕೂರಿಸಿದ ಪಟ್ಟಿಯ ಮೇಲೆ ಮೆತ್ತುತ್ತಾ ಬಂದ ಅವಳ ಬೆರಳು, ತುದಿಯ ಬಿಳಿ ಚುಕ್ಕೆಯ ಹತ್ತಿರ ನಿಂತಿತು. ಅದನ್ನು ಸವರಿದಳು. ಮತ್ತೆ ಸವರಿದಳು.

"ಮೊಳೆ ಎಲ್ಲೇ?"

"ಕಿತ್ತಾಕವ್ರೆ."

"ಈಗ ಎಲ್ಲೈತೆ ಅದು?"

ಚೀಲದೊಳಗೆ ಶಿವಗಂಗಾಳ ಕೈ ಮೊಳೆಯನ್ನೇ ಹಿಡಿದಿತ್ತು. ಅಮ್ಮ ಕೇಳುತ್ತಿರುವುದು ಹೆದರಿಕೆಯಿಂದಲ್ಲ, ಅದು ಸಿಗದಿರಲಿ ಎಂಬ ಆಸೆಯಿಂದ ಎಂಬುದು ಆ ಮುಖ ನೋಡಿದಾಗಲೇ ಅವಳಿಗೆ ಗೊತ್ತಾಗಿ ಹೋಯಿತು.

"ಗೊತ್ತಿಲ್ಲಮ್ಮ. ಎಲ್ಲೋ ಬಿದ್ದೋಗಿರ್ಬೇಕು."

ರಮಾದೇವಿ ಸೆರಗು ಸರಿಪಡಿಸಿಕೊಂಡು ಎದ್ದಳು. ಬಲಗಾಲು ಮುಂದಿಟ್ಟು ಒಳಗೆ ಬಂದಳು.

ಮರುದಿನ ಹಿರಿಯರ ಎಡೆಯ ಪಕ್ಕದಲ್ಲಿ ಒಂದು ಚಿಕ್ಕ ಎಲೆ ಹಾಕಿ ಅವಳೇ ಬಡಿಸಿದಳು. ಎಲ್ಲರೂ ಉಂಡ ಮೇಲೆ ಮೊದಲ ಸಲ ಆ ಮನೆಯ ತಣ್ಣನೆ ನೆಲದ ಮೇಲೆ ಮೈ ಚಾಚಿದಳು. "ಬಾಗ್ಲು ಹಾಕ್ಬೇಡ ಕಣಮ್ಮ" ಎಂದು, ಹಾಗೇ ನಿದ್ದೆ ಹೋದಳು.

ಬೀದಿಯಲ್ಲಿ ಸದ್ದಿಲ್ಲ. ಬಿಸಿಲು ಬಾಗಿಲವರೆಗೂ ಬಂದು ನಿಂತಿತ್ತು. ಚಾಪೆಯ ಮೇಲೆ ಶಿವಗಂಗಾ ಕಣ್ಣು ಮುಚ್ಚದೆ ಮಲಗಿದ್ದಳು.

ಟಕ್. ಟಕ್.

ಮೊಳೆಯಿದ್ದ ಚೀಲ ಗೂಟದಲ್ಲಿತ್ತು, ಎದ್ದು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಮ್ಮ ನಿದ್ದೆಯಲ್ಲೇ ಸುಖವಾಗಿ ಮಗ್ಗುಲಾದಳು.

ಸದ್ದು ನಿಂತಿತು, ಕೂತವರು ಎದ್ದ ಹಾಗೆ.

ಶಿವಗಂಗಾ ಬಾಗಿಲ ಕಡೆ ತಿರುಗಲಿಲ್ಲ. ಚಾಪೆಯಲ್ಲಿ ಗೋಡೆಯ ಕಡೆಗೆ ಸರಿದು, ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟಳು.