ತಾನಾಗಿ ನಿಲ್ಲದ ಬಸ್ಸು

ಕನ್ನಡಿಯಲ್ಲಿ ಹಣೆ ಮಾತ್ರ ಕಾಣುತ್ತಿದೆ, ಹಣೆ, ಅದರ ಮೇಲೆ ಬೆಳಿಗ್ಗೆ ನೀರು ಹಚ್ಚಿ ಬಾಚಿದ ಕೂದಲು, ಚಕ್ರ ಹಳ್ಳಕ್ಕಿಳಿದು ಎದ್ದಾಗ ಕಣ್ಣೂ ಒಂದು ಗಳಿಗೆ ಕಂಡು ಮತ್ತೆ ಮುಳುಗುತ್ತದೆ — ಒಂಚೂರು ಬಗ್ಗಿಸಿದರೆ ಪೂರ್ತಿ ಕಾಣುತ್ತಾನೆ, ಡ್ರೈವರ್ ಕನ್ನಡಿ ಬಗ್ಗಿಸಿದ, ಕಂಡ, ಮಗ, ಮೂರನೇ ಸೀಟು, ಕಿಟಕಿ ಪಕ್ಕ, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ, ಮೀಸೆ ಚಿಗುರಿದೆ, ಕೂರುವ ರೀತಿ ಮಾತ್ರ ಅಂದಿನದೇ, ಮೊದಲ ಸಲ ಆ ಸೀಟಿನಲ್ಲಿ ಕೂತಾಗ ಕಾಲು ನೆಲ ಮುಟ್ಟುತ್ತಿರಲಿಲ್ಲ. ನೀವು ಕನ್ನಡಿ ನೋಡ್ಬೇಡಿ, ರಸ್ತೆ ನೋಡಿ, ಮಿಕ್ಕವ್ರೂ ಹೆತ್ತವ್ರ ಮಕ್ಕಳೇ ಅಂತ ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದಳು, ಅವಳಿಗೇನು — ಅಲ್ಲ, ಅವಳಿಗೇನು ಅನ್ನಬಾರದು, ಅವಳು ಈಗ ಫೋನನ್ನು ಎದುರಿಗಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿರುತ್ತಾಳೆ. ಶಾಲೆ ಇದ್ದಷ್ಟು ದಿನ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು, ಆಟಿಸಂ ಇರುವ ಮಕ್ಕಳಿಗೇ ಅಂತ ಒಬ್ಬ ಟೀಚರಮ್ಮ ಇದ್ದರು, ಕೊನೆಯ ದಿನ ಹೂವು ಕೊಟ್ಟರು, ಫೋಟೋ ತೆಗೆಸಿದರು, ಮರುದಿನ ವ್ಯಾನೂ ಇಲ್ಲ, ಟೀಚರಮ್ಮನೂ ಇಲ್ಲ, ಹುಡುಗ ಮಾತ್ರ ಶೂ ಹಾಕಿಕೊಂಡು ಗೇಟಿನ ಹತ್ತಿರ ನಿಂತ, ಬಿಸಿಲೇರಿದರೂ ನಿಂತ, ಬಾರೋ ಒಳಗೆ ಅಂದರೆ ವ್ಯಾನು ಲೇಟು ಅಂದ. ಆಮೇಲೆ ಬಂದದ್ದು ನೆರವು ಕೇಂದ್ರದ ಒಬ್ಬ ಹುಡುಗಿ, ಶಾಲೆ ಮುಗಿಸಿದ ಇಂಥ ಮಕ್ಕಳನ್ನು ಒಂದು ಕೆಲಸಕ್ಕೆ ಹಚ್ಚಿ ನೆಲೆ ನಿಲ್ಲಿಸುವುದೇ ಅವಳ ಕೆಲಸವಂತೆ, ಸಸಿ ಬೆಳೆಸುವ ನರ್ಸರಿಗೆ ಕರೆದೊಯ್ದಳು, ಟ್ರೇಗಳಿಗೆ ಮಣ್ಣು ತುಂಬಿಸಿದಳು, ನರ್ಸರಿಯ ಯಜಮಾನಿ ನೋಡಿ, ಅಳತೆಕೋಲು ಇಟ್ಟು ತುಂಬಿದ್ಯೇನೋ ಮರಿ ಅಂದರಂತೆ, ಆ ಮಾತನ್ನು ಹೆಂಡತಿ ಬಂದವರಿಗೆಲ್ಲ ಹೇಳಿದಳು, ಹಾಲಿನವನಿಗೂ ಹೇಳಿದಳು. ಅದೇ ಯಜಮಾನಿ ಹುಡುಗಿಗೆ ಹೇಳಿದ್ದು, ಕೆಲ್ಸ ಕೊಡ್ತೀನಮ್ಮ, ಆದ್ರೆ ಅವ್ನು ತಾನೇ ಬರ್ಬೇಕು, ತಾನೇ ಹೋಗ್ಬೇಕು, ಕೈ ಹಿಡ್ಕೊಂಡು ಬರೋಕೆ ಇಲ್ಲಿ ಯಾರಿದಾರೆ, ವಾರದ ಕೊನೆಗೆ ಹೇಳಿ, ಇಲ್ಲಾಂದ್ರೆ ಇನ್ನೊಬ್ರು ಕಾಯ್ತಿದಾರೆ. ವಾರದ ಕೊನೆ ಅಂದರೆ ಇವತ್ತು.

ತಾನೇ ಬರುವುದಕ್ಕೇನು, ಡ್ರೈವರನ ಮಗನಿಗೆ ಬಸ್ಸು ಗೊತ್ತಿಲ್ಲವೇ, ಮೀನಿನ ಮರಿಗೆ ಈಜು ಕಲಿಸ್ತೀಯಾ ತಾಯಿ ಅಂತ ಆವತ್ತು ನಕ್ಕಿದ್ದ, ಎಷ್ಟು ಜೋರಾಗಿ ನಕ್ಕಿದ್ದ — ಹುಡುಗಿ ಮಗನನ್ನು ಬೇರೆ ಡ್ರೈವರನ ಬಸ್ಸಿಗೆ ಹತ್ತಿಸಿ, ಬೇಕೆಂದೇ ಹಿಂದೆ ಕೂತು ನೋಡಿದಳು, ನರ್ಸರಿ ಬಂತು, ಹೋಯಿತು, ಮಾರ್ಕೆಟ್ಟೂ ಹೋಯಿತು, ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಮಗ ಕೂತೇ ಇದ್ದ, ಇಳಿಯೋ ಮಾರಾಯ ಅಂತ ಆ ಡ್ರೈವರ್ ಅಂದದ್ದಕ್ಕೆ ಕಿವಿ ಮುಚ್ಚಿಕೊಂಡ. ಸರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಬಸ್ಸಲ್ಲಿ ಅವ್ನು ಯಾವತ್ತಾದ್ರೂ ಇಳಿಯೋಕೆ ಬೆಲ್ ಒತ್ತಿದಾನಾ? ಒತ್ತೋದ್ಯಾಕೆ, ನಾನೇ ಇದೀನಲ್ಲ, ಅವ್ನು ಎಲ್ಲಿ ಇಳೀಬೇಕು ಅಂತ ನಂಗೊತ್ತಿಲ್ವಾ — ಅಂದ. ಅವಳು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು, ಅವ್ನ ಲೆಕ್ಕದಲ್ಲಿ ಬಸ್ಸು ಅಂದ್ರೆ ತಾನಾಗೇ ಗೊತ್ತಾಗಿ ನಿಲ್ಲೋದು ಸರ್, ಅಂದಳು, ಅಷ್ಟೇ. ಡಿಪೋದಲ್ಲಿ ಇವನ ಹೆಸರೇ ಮೆತ್ತನೆ ಬ್ರೇಕು, ಏನಪ್ಪಾ ಮೆತ್ತನೆ ಬ್ರೇಕು, ಬಸ್ಸಲ್ಲಿ ಕೋಳಿಮೊಟ್ಟೆ ಸಾಗಿಸ್ತಿದೀಯಾ ಅನ್ನುತ್ತಾರೆ, ಹೌದು ಕಣ್ರಯ್ಯ, ಮೊಟ್ಟೆಯೇ, ಬಸ್ಸು ಜಗ್ಗಿದರೆ ಮಗ ಚೀರುತ್ತಿದ್ದ, ಬೆಲ್ಲಿನ ಟಿಂಗ್ ಕೇಳಿದರೆ ಸೀಟಿನ ಕೆಳಗೆ ತೂರುತ್ತಿದ್ದ, ರಜೆ ಬಂದರೆ ದಿನವಿಡೀ ಇದೇ ಬಸ್ಸಿನಲ್ಲಿ, ಬೆಲ್ಲೂ ಬೇಡ, ಜಗ್ಗೋದೂ ಬೇಡ ಕಂದ, ಅಪ್ಪ ಇದೀನಿ — ಪ್ರೀತಿಯಿಂದಲೇ ಮಾಡಿದ್ದು, ಇನ್ಯಾವುದರಿಂದ, ಆ ಪ್ರೀತಿಯೇ ಮಗನ ಕಾಲಿಗೆ ತೊಡಕಾದೀತೆಂದು ಯಾವ ಅಪ್ಪನಿಗೆ ಗೊತ್ತಿರುತ್ತದೆ. ಈ ಬಸ್ಸಲ್ಲಿ ಕಲ್ತಿದ್ದನ್ನ ಈ ಬಸ್ಸಲ್ಲೇ ಬಿಡಿಸ್ಬೇಕು ಸರ್ ಅಂದಳು, ದಿನಾ ಮಗನ ಪಕ್ಕ ಕೂತಳು, ನರ್ಸರಿಯ ಹಳದಿ ಗೋಡೆ ಬಂದ್ರೆ ಒತ್ತು, ಅವಳು ಹೇಳಿದಾಗ ಒತ್ತಿದ, ಬೆರಳು ತೋರಿಸಿದಾಗ ಒತ್ತಿದ, ಇವತ್ತು ಹೇಳುವವರಿಲ್ಲ, ತೋರಿಸುವವರಿಲ್ಲ, ಅವಳು ಕೊನೆಯ ಸೀಟಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಯಾರೋ ಏನೋ ಅನ್ನುವ ಹಾಗೆ ಕೂತಿದ್ದಾಳೆ. ಬೆಲ್ ಆಗ್ದಿದ್ರೆ ನಿಲ್ಲಿಸ್ಬೇಡಿ ಸರ್, ದಾಟಿ ಹೋಗ್ಬಿಡಿ. ಹೋಗ್ತೀನಮ್ಮ. ನಿಜವಾಗ್ಲೂ ಹೋಗ್ತೀರಾ? ಹೋಗ್ತೀನಿ ಅಂದ್ನಲ್ಲ.

ಔಷಧಿ ಅಂಗಡಿಯ ಸ್ಟಾಪು, ಟಿಂಗ್, ಬುಟ್ಟಿ ಹಿಡಿದ ಹೆಂಗಸು ಒತ್ತಿದ್ದು, ಕನ್ನಡಿಯಲ್ಲಿ ಮಗನ ಭುಜ ಎದ್ದು ಕಿವಿಗೆ ಅಂಟಿತು, ಚೀರಲಿಲ್ಲ, ಜಾಣ, ಚೀರಲಿಲ್ಲ, ಹೆಂಗಸು ಇಳಿದಳು, ಬಾಗಿಲು ಮುಚ್ಚಿತು, ಇನ್ನು ಮುಂದಿನದು ಅವನದೇ, ಪೆಟ್ರೋಲ್ ಬಂಕು, ಸೈಕಲ್ ರಿಪೇರಿ, ಅಡ್ಡ ಬಂದ ಸ್ಕೂಟರಿನವನೇ ನಿನಗೆ ಮನೆಯಲ್ಲಿ ಹೇಳಿ ಬಂದಿದ್ದೀಯೇನೋ, ತಿರುವು, ತಿರುವಿನಾಚೆ ಹಳದಿ ಗೋಡೆ, ಸ್ಟಾಪಿನಲ್ಲಿ ಯಾರಾದರೂ ನಿಂತಿರಲಿ ದೇವರೇ, ಒಬ್ಬರೇ ಒಬ್ಬರು ಕೈ ಅಡ್ಡ ಹಿಡಿಯಲಿ, ಆಗ ನಿಲ್ಲಿಸಿದರೆ ತಪ್ಪಿಲ್ಲ — ಇಲ್ಲ, ನರಪಿಳ್ಳೆಯೂ ಇಲ್ಲ, ಖಾಲಿ ಬೆಂಚು. ಕನ್ನಡಿಯಲ್ಲಿ ಬೆರಳು. ಎದ್ದಿದೆ, ಚೀಲ ಬಿಟ್ಟು ಎದ್ದು, ಕಂಬದ ಮೇಲಿನ ಕೆಂಪು ಬಟನ್ನಿನ ಹತ್ತಿರ ಬಂದು, ಮುಟ್ಟದೆ ನಿಂತಿದೆ, ಒತ್ತು ಕಂದ, ಒತ್ತೋ, ಟಿಂಗ್ ಅನ್ನುತ್ತದೆ ನಿಜ, ನಿನ್ನನ್ನು ತಿನ್ನುವುದಿಲ್ಲ, ಬೆರಳಿಗೂ ಬಟನ್ನಿಗೂ ನಡುವೆ ಕೂದಲೆಳೆಯಷ್ಟೇ ಅಂತರ, ಇಷ್ಟು ದೂರದಿಂದ ಕಾಣುತ್ತದೆಯೇ, ಅಪ್ಪನಿಗೆ ಕಾಣುತ್ತದೆ — ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಒಂಚೂರು, ಹೂವಿನ ಮೇಲಿಟ್ಟ ಹಾಗೆ, ಯಾರಿಗೆ ಗೊತ್ತಾಗುತ್ತದೆ, ಮೆತ್ತನೆ ಬ್ರೇಕು, ಕೊನೆಯ ಸೀಟಿನವಳಿಗೂ ಗೊತ್ತಾಗುವುದಿಲ್ಲ, ನಿಧಾನ ಮಾಡಿದರೆ ಅವನಿಗೆ ಪುರುಸೊತ್ತು ಸಿಗುತ್ತದೆ, ಅಷ್ಟೇ, ನಿಲ್ಲಿಸುವುದೇನಲ್ಲ, ಬಸ್ಸು ನಿಧಾನವಾಯಿತು, ಕನ್ನಡಿಯಲ್ಲಿ ಬೆರಳು ಕೆಳಗಿಳಿಯುತ್ತಿದೆ. ಇಳಿಯುತ್ತಿದೆ, ನೆಮ್ಮದಿಯಾಗಿ, ಚೀಲದ ಕಡೆಗೆ, ಅಪ್ಪ ಇದ್ದಾನಲ್ಲ ಅಂತ, ಬಸ್ಸಿಗೆ ಗೊತ್ತಾಯಿತಲ್ಲ ಅಂತ — ಅಯ್ಯೋ, ಅಪ್ಪನೇ ಇಳಿಸುತ್ತಿದ್ದಾನೆ ಆ ಬೆರಳನ್ನು, ಈ ಹಾಳು ಕಾಲೇ ಇಳಿಸುತ್ತಿದೆ, ನಾಳೆ ಈ ಕಾಲಿಗೆ ವಯಸ್ಸಾಗುತ್ತದೆ, ನಾಡಿದ್ದು ಈ ಸೀಟಿನಲ್ಲಿ ಇನ್ಯಾವನೋ ಕೂತಿರುತ್ತಾನೆ, ಆಗ ಯಾವ ಬಸ್ಸು ನಿಲ್ಲುತ್ತದೆ ಕಂದ ನಿನಗಾಗಿ, ಎತ್ತು, ಕಾಲು ಎತ್ತು, ಎತ್ತಲಾಗದು, ಎತ್ತಿದ, ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದ, ಬಸ್ಸು ಗುರ್ರೆಂದು ಮುನ್ನುಗ್ಗಿತು, ಹಳದಿ ಗೋಡೆ ಓಡತೊಡಗಿತು, ಕನ್ನಡಿಯಲ್ಲಿ ಮಗನ ಕಣ್ಣು, ಎಂದೂ ಯಾರ ಕಣ್ಣಿಗೂ ಸಿಗದ ಕಣ್ಣು ನೇರವಾಗಿ ಇವನ ಕಣ್ಣಿಗೆ ಸಿಕ್ಕಿತು, ಅಪ್ಪ, ಇದೇನು ಅಪ್ಪ — ಇವನು ಕಣ್ಣು ತಪ್ಪಿಸಿದ, ರಸ್ತೆ ನೋಡಿದ, ಖಾಲಿ ಬೆಂಚು ಇನ್ನೇನು ದಾಟಬೇಕು.

ಟಿಂಗ್. ಕಾಲು ಬ್ರೇಕಿಗೆ ಬಿದ್ದ ರಭಸಕ್ಕೆ ಇಡೀ ಬಸ್ಸು ಮುಗ್ಗರಿಸಿತು, ಏನ್ರೀ ನೀವು, ಜನ ಅನ್ಕೊಂಡ್ರಾ ಮೂಟೆ ಅನ್ಕೊಂಡ್ರಾ ಅಂತ ಯಾರೋ ಬೈದರು, ಬೈಯಿರಿ ಸ್ವಾಮಿ, ಇನ್ನೊಂದು ಸಲ ಬೈಯಿರಿ, ಬಾಗಿಲು ತೆರೆಯಿತು, ಸ್ಟಾಪು ಬಂತು ಅಪ್ಪ ಅಂತ ಮಗ ಅನ್ನಲಿಲ್ಲ, ದಿನಾ ಅನ್ನುತ್ತಿದ್ದ, ಇಳಿದ, ತಿರುಗಿ ನೋಡಲಿಲ್ಲ, ಗೋಡೆಯ ಪಕ್ಕ ಹಿಡಿದು ನರ್ಸರಿಯ ಗೇಟಿನ ಕಡೆ ನಡೆದ, ಬೇಕಾದಷ್ಟು ದೂರ ಬಿಟ್ಟು ಹುಡುಗಿಯೂ ಇಳಿದು ಹೋದಳು, ಹಿಂದಿನ ಕಾರು ಹಾರ್ನ್ ಹೊಡೆಯುತ್ತಿದೆ, ಹೊರಡಬೇಕು, ಹೆಂಡತಿಗೆ ಫೋನ್ ಮಾಡಬೇಕು, ಗೇರು ಹಾಕಬೇಕು, ಕಾಲು ಏಳುತ್ತಿಲ್ಲ, ಕನ್ನಡಿಯಲ್ಲಿ ಮೂರನೇ ಸೀಟು ಖಾಲಿ, ಖಾಲಿ ಸೀಟಿನ ಮೇಲೆ ಅಪ್ಪನಿಗೆ ಮಾತ್ರ ಇನ್ನೂ ಕಾಣುತ್ತಿದೆ ಆ ಬೆರಳು, ಕೆಂಪು ಬಟನ್ನಿನ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿದ ಬೆರಳು