ಮುದ್ದಮ್ಮನ ಒಗೆಯುವ ಕಲ್ಲು

"ಅಲ್ಲಿ ಉಳಿ ಇಡಬ್ಯಾಡ ಅಪ್ಪ. ಆ ಗುಲಾಬಿ ಹರಳು ಫೆಲ್ಡ್‌ಸ್ಪಾರ್. ಪೆಟ್ಟು ಬಿದ್ರೆ ಹಲಗೆ ಸೀಳ್ದಂಗೆ ಸೀಳ್ತದೆ."

ದೊಡ್ಡಮಾದಯ್ಯ ತಲೆ ಎತ್ತಲಿಲ್ಲ. "ನಲವತ್ ವರ್ಸ ಕ್ವಾರೇಲಿ ಕಲ್ ಒಡ್ದಿವ್ನಿ ಕಣವ್ವ. ನೀನು ನರಸೀಪುರದ ಇಸ್ಕೂಲಲ್ಲಿ ಐಕ್ಳಿಗೆ ಏಳ್ಕೊಡು, ನಂಗಲ್ಲ."

ಮಗಳು ಯಶೋಧರಾ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಅವ್ವನ ಒಗೆಯುವ ಕಲ್ಲು. ಮದುವೆಯಾದ ವರ್ಷ ನಂಜನಗೂಡಿನ ಆಚೆಯಿಂದ ಗಾಡಿಯಲ್ಲಿ ಹೇರಿ ಮೂಗೂರಿನ ಈ ಹಿತ್ತಿಲಿಗೆ ತಂದದ್ದು. ಕಲ್ಲಿನ ದೂಳು ಮೆತ್ತಿದ ಗಂಡನ ಅಂಗಿಗಳನ್ನು ಮುದ್ದಮ್ಮ ಸಾಯುವ ವಾರದವರೆಗೂ ಅದರ ಮೇಲೇ ಕುಕ್ಕಿದಳು. ದೊಡ್ಡಮಾದಯ್ಯನೋ, ಒಂದು ದಿನ ತನ್ನ ಟವೆಲನ್ನಾದರೂ ಹಿಂಡಿದವನಲ್ಲ. ಭಾನುವಾರಕ್ಕೆ ಅವಳು ಹೋಗಿ ವರ್ಷ. ಅಷ್ಟರೊಳಗೆ ಈ ಕಲ್ಲಿನ ಮೇಲೇ ಅವಳ ಹೆಸರು ಕೆತ್ತಿ ಸಮಾಧಿಗೆ ನಿಲ್ಲಿಸಬೇಕೆಂದು ಹಟ ಹಿಡಿದಿದ್ದ.

ಅವನಿಗೆ ಓದು ಬರಹ ಬಾರದು. ಮಗಳು ಬೂದು ಭಾಗದಲ್ಲಿ ಸೀಮೆಸುಣ್ಣದಿಂದ ಬರೆದುಕೊಟ್ಟಿದ್ದಳು. ಗುಲಾಬಿ ಬಣ್ಣದ ಕಡೆಯೇ ಇರಲೆಂದು ಅಳಿಸಿ, ಅಂಗೈಯಗಲದ ಹರಳಿನ ಮೇಲೆ ಶುರುವಾಗುವಂತೆ ಮತ್ತೆ ಬರೆಸಿದ. ಕಲ್ಲು ಒಡೆದು ಗೊತ್ತಿತ್ತೇ ಹೊರತು, ಅಕ್ಷರ ಕೆತ್ತಿ ಅಭ್ಯಾಸವಿರಲಿಲ್ಲ.

ಮೂರನೇ ಪೆಟ್ಟಿಗೆ ಟಕ್ಕೆಂದಿತು. ಮುದ್ದಮ್ಮನ ಮೊದಲಕ್ಷರ ಹೊತ್ತ ಚೂರು ಅವನ ಪಾದದ ಹತ್ತಿರ ಬಿತ್ತು. ಸೀಳಿದ ಜಾಗ ಸಪಾಟಾಗಿ, ಬಿಸಿಲಿಗೆ ಹೊಳೆಯುತ್ತಿತ್ತು.

"ಅವ್ಳ ಮಾತ್ನೂ ಇಂಗೇ ಕೇಳ್ನಿಲ್ಲ ನಾನು," ಎಂದು ಸುತ್ತಿಗೆ ಕೆಳಗಿಟ್ಟ. ಕಣ್ಣೀರು ತಡೆಯಲಾಗಲಿಲ್ಲ.

ಮಗಳು ಪಕ್ಕದಲ್ಲಿ ಕೂತಳು. "ನೆಲದಾಳ್ದಲ್ಲಿ ಕರಗಿದ್ದ ಕಲ್ಲು ಆರ್ತಾ ಆರ್ತಾ ಹರಳುಗಟ್ಟಿರದು ಅಪ್ಪ. ಸೀಳೋ ದಾರಿ ಅವತ್ತಿಂದ್ಲೇ ಒಳಗಿರ್ತದೆ."

ಅವನು ಚೂರನ್ನು ತಿರುಗಿಸಿ ನೋಡಿದ. "ಒಳ್ಗೆ ಇಷ್ಟ್ ಚೆನ್ನಾಗದೆ. ಮೇಲ್ ಯಾಕೆ ಮಾಸೋಗದೆ?"

"ನೀರು. ಸಾವಿರಾರು ವರ್ಸ ನೀರು ತಾಕ್ತಿದ್ರೆ ಇದೂ ಜೇಡಿಮಣ್ಣಾಯ್ತದೆ."

"ಅಂಗಾರೆ ನೀರ್ ಉಯ್ದು ಉಯ್ದು ನಿಮ್ಮವ್ವ ಅದ್ನ ಸುರು ಮಾಡಿ ಓಗವ್ಳೆ ಅನ್ನು." ಬಹಳ ಹೊತ್ತು ಆ ಚೂರನ್ನು ಕೈಯಿಂದ ಬಿಡಲಿಲ್ಲ. "ಸಮಾಧಿಗೆ ಬೇರೆ ಕಲ್ ತರವ. ಇದು ಇಲ್ಲೇ ಇರ್ಲಿ."

ಭಾನುವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ದಪ್ ದಪ್ ಸದ್ದು ಕೇಳಿ ಯಶೋಧರಾ ಬೆಚ್ಚಿ ಎದ್ದು ಬಂದಳು. ಅಪ್ಪ ಪಂಚೆ ಎತ್ತಿ ಕಟ್ಟಿ, ತನ್ನ ಅಂಗಿಯನ್ನು ಕಲ್ಲಿಗೆ ಕುಕ್ಕುತ್ತಿದ್ದ. ಸೋಪು ಎಷ್ಟು ಹಾಕಬೇಕೆಂದು ತಿಳಿಯದೆ ಮೊಣಕೈವರೆಗೂ ನೊರೆ. ಒಂದು ಚೊಂಬು ನೀರು ಸುರಿದ. ನೊರೆ ಇಳಿದುಹೋಗಿ, ಮೊನ್ನೆ ಸೀಳಿದ ಜಾಗ ಒದ್ದೆಯಾಗಿ ಗುಲಾಬಿ ಬಣ್ಣಕ್ಕೆ ಹೊಳೆಯಿತು.