ಏರದ ಕೆಂಪು ಗೆರೆ

"ನೋಡಿದ್ಯೇನೋ ರಹಮತ್, ಗೆರೆ ನಟ್ಟನಡುವೆ ನಿಂತೈತೆ. ನಮ್ ಚಂದ್ರು ಕೈಗೆ ಗಾಡಿ ಒಗ್ಗಿತು ಕಣೋ," ಎಂದರು ಮುಂದಿನ ಸೀಟಿನಿಂದ ಮಲ್ಲಿಕಾರ್ಜುನಯ್ಯ.

ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಚ್ಚಳಕ್ಕೆ ಹೊಸದಾಗಿ ಕೂರಿಸಿದ ಶಾಖದ ಗಾಜಿತ್ತು. ನೀರು ಕಾದಂತೆ ಅದರೊಳಗಿನ ಕೆಂಪು ಗೆರೆ ಏರಬೇಕು. ತುದಿ ಮುಟ್ಟುವ ಮುಂಚೆ ಗಾಡಿ ನಿಲ್ಲಿಸಬೇಕು. ಇಷ್ಟು ದಿನ ಆ ಕೆಲಸ ಮಾಡುತ್ತಿದ್ದದ್ದು ರಹಮತ್ ಉಲ್ಲಾನ ಮೂಗು, ಕಿವಿ. ಅಜ್ಜಂಪುರದ ಮಲ್ಲಿಕಾರ್ಜುನಯ್ಯನವರ ಮನೆಯ ಕಾರನ್ನು ಐದು ವರ್ಷ ಓಡಿಸಿ, ಕಾರಿನ ಕೊಟ್ಟಿಗೆಯಲ್ಲೇ ಮಲಗಿ, ಕೂಗಿದಾಗೆಲ್ಲ ಎದ್ದವನು ಅವನು. ಶಿವಮೊಗ್ಗದಲ್ಲಿ ಬಸ್ಸು ಓಡಿಸುವ ಕೆಲಸ ಸಿಕ್ಕಿತ್ತು. ಹಳೇ ಯಜಮಾನನ ಶಿಫಾರಸು ಕಾಗದವಿಲ್ಲದೆ ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. "ಗಾಜು ಬರ್ಲಿ, ಅದ್ನ ನೋಡ್ಕೊಂಡು ನಮ್ಮಕ್ಕನ ಮಗ ಚಂದ್ರುನೇ ಓಡಿಸ್ತಾನೆ, ಆಮೇಲ್ ಹೋಗುವಂತೆ" ಎಂದು ಯಜಮಾನರು ಮೂರು ತಿಂಗಳು ತಳ್ಳಿದ್ದರು. ಇವತ್ತು ಕಾಗದ ಬರೆದು ಜೇಬಿಗಿಟ್ಟುಕೊಂಡೇ ಹೊರಟಿದ್ದರು. ಚಂದ್ರು ಗಾಡಿಯನ್ನು ಸುಸೂತ್ರವಾಗಿ ತರೀಕೆರೆ ಮುಟ್ಟಿಸಿದ ಮೇಲೆ ರುಜು.

ಅಮೃತಾಪುರದಲ್ಲಿ ದೇವರ ದರ್ಶನ ಮುಗಿಸಿ ತರೀಕೆರೆ ಕಡೆ ತಿರುಗಿದ್ದರಷ್ಟೆ. ಹಿಂದೆ ಕೂತಿದ್ದ ರಹಮತ್‌ನ ಮೂಗಿಗೆ ಕಾದ ಎಣ್ಣೆಯ ವಾಸನೆ ಬಡಿಯಿತು. ಗೆರೆ ಮಾತ್ರ ಅಲುಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇನ್ನೊಂದಷ್ಟು ಮೈಲಿ. ಸುಟ್ಟು ಬೂದಿಯಾಗಲಿ ಇವರ ಗಾಡಿ. ಅಷ್ಟರಲ್ಲಿ ಇಂಜಿನ್ನಿನೊಳಗೆ ಕುಟ್ಟುವ ಸದ್ದು ಶುರುವಾಯಿತು. ಅದು ತನ್ನ ಎದೆಗೂಡಿಗೇ ಬಿದ್ದಂತಾಗಿ ಅವನ ಬಾಯಿ ತಡೆಯಲಿಲ್ಲ.

"ನಿಲ್ಲಿಸಪ್ಪಾ."

ಚಂದ್ರಶೇಖರ ನಿಲ್ಲಿಸಿದವನೇ ತಿರುಗಿದ. "ಮಾವ, ಇವ್ನಿಗೆ ಹೊಟ್ಟೆಉರಿ."

"ಗಾಜು ಸುಮ್ಮನೈತೆ, ನಿಂಗೇನೋ ಬಂತು? ಹೋಗೋ ಹೊತ್ನಲ್ಲಿ ಅವನ್ನ ಹೆದರಿಸ್ತೀಯಾ?" ಎಂದು ಯಜಮಾನರು ಗದರಿದರು.

"ಗಾಜು ಕೆಟ್ಟೈತೆ ಯಜಮಾನ್ರೆ. ಕುದಿಯೋ ನೀರಲ್ಲಿ ಅದ್ದಿ ತೋರಿಸ್ತೀನಿ, ಬನ್ನಿ."

ರಹಮತ್ ಗೋಣಿತಾಟು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ. ಹಬೆ ಭುಸ್ಸೆಂದು ಎದ್ದರೂ ಯಜಮಾನರ ಕಣ್ಣು ಗಾಜಿನ ಮೇಲೇ. ರಸ್ತೆಬದಿಯ ಅಂಗಳದಲ್ಲಿ ತಿಮ್ಮಕ್ಕನೆಂಬ ಮುದುಕಿ ದೊಡ್ಡ ಮಡಕೆಯಲ್ಲಿ ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದಳು.

"ಅದೇನ್ ಸಾಬ್ರೇ ಅದು? ಎತ್ತು ತಿನ್ನೋದು ಕಣಪ್ಪಾ, ಎಣ್ಣೆ ಗಿಣ್ಣೆ ಬಿದ್ದಾತು."

ರಹಮತ್ ಮುಚ್ಚಳವನ್ನು ತನ್ನ ಅಂಗಿಗೇ ಉಜ್ಜಿ ಒರೆಸಿ, ಅದರಡಿ ಚಾಚಿದ್ದ ಗಾಜಿನ ಬಾಲವನ್ನು ಮಡಕೆಯೊಳಗೆ ಇಳಿಬಿಟ್ಟ. ಹುರುಳಿ ಕುಣಿಯುತ್ತಿತ್ತು. ಕೆಂಪು ಗೆರೆ ಇದ್ದಲ್ಲೇ ಇತ್ತು. ನಾಲ್ವರೂ ಬಗ್ಗಿ ನೋಡಿದರು.

"ನಮ್ ಹುರುಳಿ ಬೆಂದೋಯ್ತು," ಎಂದಳು ತಿಮ್ಮಕ್ಕ. "ನಿಮ್ ಗಾಜಿಗಿನ್ನೂ ಬಿಸಿನೇ ತಾಕಿಲ್ವಲ್ಲ ಅಯ್ನೋರೇ."

ರಹಮತ್ ಗೆದ್ದವನಂತೆ ತಲೆಯೆತ್ತಿದ. ಮಲ್ಲಿಕಾರ್ಜುನಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು. ಐದು ವರ್ಷದಲ್ಲಿ ಮೊದಲ ಸಲ.

"ನೀನಿಲ್ದಿದ್ರೆ ಇವತ್ತು ಇಂಜಿನ್ನೇ ಹೋಗ್ತಿತ್ತು. ಇಂಥಾವ್ನ ಹೆಂಗೋ ಬಿಡ್ಲಿ?"

"ಯಜಮಾನ್ರೆ, ಕಾಗದ..."

"ಬೇರೆ ಗಾಜು ತರ್ಸೋಣ. ಅಲ್ಲೀಗಂಟ ಇರು. ಶಿವಮೊಗ್ಗ ಎಲ್ಲಿಗ್ ಓಡೋಗ್ತದೆ?"

ಇಂಜಿನ್ ಆರಿದ ಮೇಲೆ ತಿಮ್ಮಕ್ಕ ಕೊಟ್ಟ ನೀರು ತುಂಬಿದರು. ಚಂದ್ರಶೇಖರ ಮುಖ ಊದಿಸಿಕೊಂಡು ಹಿಂದೆ ಹೋಗಿ ಕೂತ. ರಹಮತ್ ಕಾರಿನ ಮುಂದಿನ ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸಿ ಬಂದು ಸ್ಟಿಯರಿಂಗ್ ಚಕ್ರದ ಮುಂದೆ ಕೂತ. ಕುಳ್ಳ ಚಂದ್ರಶೇಖರ ಕಾಲು ಎಟುಕಲೆಂದು ಬೆನ್ನಿಗೆ ಕೊಟ್ಟುಕೊಂಡಿದ್ದ ದಿಂಬು ಅಲ್ಲೇ ಇತ್ತು, ಇನ್ನೂ ಬೆಚ್ಚಗಿತ್ತು. ಆ ಜಾಗ ಇನ್ನೂ ಚಂದ್ರುವಿನದೇ ಎಂಬಂತೆ ಅದನ್ನು ತೆಗೆಯಲಿಲ್ಲ. ಮೊಣಕಾಲು ಚಕ್ರಕ್ಕೆ ಒತ್ತುತ್ತಿದ್ದರೂ ಹಾಗೆಯೇ ಗಾಡಿ ಹೊರಡಿಸಿದ.